ಏಳರ ಜೋಡಿ

ಟುರ್ಕು, ನವೆಂಬರ್. ನಾಲ್ಕಕ್ಕೇ ಕತ್ತಲೆ.
ಇರ್ಮೆಲಿ ಕತ್ತರಿಯಲ್ಲಿ ಫೋಟೋದ
ಒಂದೊಂದೇ ವರ್ಣತಂತು ಬಿಡಿಸಿ
ಚಪ್ಪಲಿ ಜೋಡಿಸಿದಂತೆ ಹಾಳೆಗೆ ಅಂಟಿಸುತ್ತಿದ್ದಾಳೆ.

ಐದರಲ್ಲೊಂದು ಮೊಂಡುಗೈ.
ಏಳು ಒಂಟಿ.
ಮೇಜಿನಡಿ ಬಗ್ಗಿ ನೋಡಿದಳು, ಕಸದ ಬುಟ್ಟಿ ಸುರಿದಳು,
ಸ್ವೆಟರಿನ ತೋಳು ಕೊಡವಿದಳು.
ಇನ್ನೊಂದು ಜೀವಕೋಶ: ಅಲ್ಲೂ ಒಂಟಿ.
ಇಪ್ಪತ್ತರಲ್ಲಿ ಹದಿನೇಳು.

ದೋಣಿ ಕಟ್ಟುವ ಓಸ್ಮೊ ರಂತಾಲಾ
ಮೂಳೆ ತಿನ್ನುವ ರೋಗಕ್ಕೆ ಆರು ವರ್ಷ
ಕಾಫಿಯ ಜೊತೆ ನುಂಗಿದ್ದು ಬಿಳಿ ಗುಳಿಗೆ.
ಒಂದು ಸರದಿ ತಪ್ಪಿಸಿದವನಲ್ಲ.
ಹೋದ ಬೇಸಿಗೆ ಹೊಗೆಯಲ್ಲಿ ಬೇಯಿಸಿದ ಮೀನು ತಂದು
ಲ್ಯಾಬಿಗೆಲ್ಲ ಹಂಚಿದ್ದ:
"ಗುಳಿಗೆ ಕೊಟ್ಟ ವರ್ಷಗಳ ಬಾಬ್ತು, ತಿನ್ನಿ."

ಸುಳ್ಳೇನಲ್ಲ, ಕೊಟ್ಟಿತ್ತು.
ಕೊಡುತ್ತ ಕೊಡುತ್ತಲೇ ಮಜ್ಜೆಗಿಳಿದು
ಒಂದನ್ನು ಎತ್ತಿಕೊಂಡಿತ್ತು;
ಈಗ ರಕ್ತದಲ್ಲಿ ಎಳಸು ಕಣಗಳ ಸಂತೆ.

ಜೋಡಿ ಬಂದೀತೆಂದು ಇರ್ಮೆಲಿ
ಏಳರ ಪಕ್ಕ ಮೊದಲೇ ಅಂಟು ಹಚ್ಚಿಟ್ಟಿದ್ದಳು.
ಖಾಲಿ ಜಾಗ
ಬೆರಳಿಗೆ ಅಂಟುತ್ತಿದೆ.