ಹದಿನಾಲ್ಕು ಮಿಲಿಮೀಟರ್

ವೇಮಗಲ್ಲಿನ ಕೈಗಾರಿಕಾ ಪ್ರದೇಶ, ತಗಡಿನ ಶೆಡ್ಡು.
ಒಳಗೆ ಕಟ್ಟಡ ಆಗಲೇ ಮುಗಿದಿತ್ತು.
ಷಬ್ರೀನ್ ಮೇಡಂ ಅದನ್ನು ಬೆರಳಲ್ಲಿ ತಿರುಗಿಸುತ್ತಿದ್ದರು
ಸಂತೆಯಲ್ಲಿ ಕುಂಬಳಕಾಯಿ ತಿರುಗಿಸಿ ನೋಡುವ ಹಾಗೆ.

ಹೊರಗೆ ಇನ್ನೂ ಬರೀ ಕಂಬ. ಕಂಬದ ಮೇಲೆ ಕಾಗೆ.

"ಇದು ನಿಮ್ಮ ಗೋಡೆ, ಗಂಗುಲಪ್ಪನವರೇ" ಅಂದು ಮುಟ್ಟಿದರು.
ಗೋಡೆ ತನ್ನ ಜಾತಕ ಬಿಚ್ಚಿತು:
ಪೂರ್ತಿ ಬ್ಲಾಕು ನೂರ ಹದಿನೆಂಟು, ಅರ್ಧ ತುಂಡು ಹದಿನಾರು,
ಅಂಟು ಎರಡೂವರೆ ಚೀಲ,
ಒಂಬತ್ತನೇ ವರಸೆಯಲ್ಲಿ ಕೊಳವೆಗೊಂದು ಕಿಂಡಿ,
ಶುರು ಯಾವತ್ತು, ಮುಗಿಯೋದು ಯಾವತ್ತು.
ಮೂವತ್ತೊಂದು ವರ್ಷ ಕರಣೆ ಹಿಡಿದಿದ್ದೇನೆ,
ಕಟ್ಟುವ ಮೊದಲೇ ನನ್ನನ್ನು ಮಾತಾಡಿಸಿದ ಗೋಡೆ
ಇದೊಂದೇ.

ಮೊದಮೊದಲು ಲಾಭವೇ ಅನ್ನಬೇಕು.
ಪೈಪು ಗೋಡೆಗೆ ಡಿಕ್ಕಿ ಹೊಡೆಯುವ ಕಡೆ
ಪರದೆ ಮೊದಲೇ ಕೆಂಪಗಾಗುತ್ತದೆ.
ಕಟ್ಟಿ, ಒಡೆದು, ಮತ್ತೆ ಕಟ್ಟಿ,
ಒಡೆದದ್ದಕ್ಕೆ ಕೂಲಿ ಕೇಳಿದರೆ
"ನಿನಗ್ಯಾರಯ್ಯ ಕಟ್ಟೋಕೆ ಹೇಳಿದ್ದು" ಅನ್ನಿಸಿಕೊಳ್ಳುವುದು ತಪ್ಪಿತು.
ಚೂರುಪಾರು ಒಂದು ಬಾಂಡಲಿಯಷ್ಟೂ ಉಳಿಯಲಿಲ್ಲ.
ಒಲೆ ಹೂಡಲು ಮೂರು ಮುರುಕು ಬ್ಲಾಕು ಹುಡುಕಿ ಹುಡುಕಿ
ಅಂಜಿನಮ್ಮ ಕೊನೆಗೆ ನನ್ನನ್ನೇ ಬೈದಳು.

ಆಮೇಲೆ ಒಂದು ಮಂಗಳವಾರ
ಮುಕ್ಕಾಲಿಯ ಮೇಲೆ ಕೂತು ಒಂದು ಯಂತ್ರ ಬಂತು.
ಹೆಣ್ಣು ನೋಡಲು ಬಂದ ದೊಡ್ಡತ್ತೆಯ ಹಾಗೆ
ಸುತ್ತಲೂ ಕತ್ತು ತಿರುಗಿಸಿತು, ತುಟಿ ಬಿಚ್ಚಲಿಲ್ಲ.
ಸಂಜೆ ಫೋನು:
"ಬಿ ಏಳನೇ ಕಂಬಕ್ಕೂ ನಿಮ್ಮ ಗೋಡೆಗೂ ಮುಖ ಕೂಡ್ತಿಲ್ಲ.
ಹದಿನಾಲ್ಕು ಮಿಲಿಮೀಟರ್. ಬಿಲ್ ತಡೆದಿದ್ದಾರೆ."

ಹದಿನಾಲ್ಕು ಅಂದರೆ ನನ್ನ ಕಿರುಬೆರಳು.

ತೂಗುಗುಂಡು ತೆಗೆದುಕೊಂಡು ಹೋದೆ.
ಟೇಕಲ್ಲಿನ ಬಂಡೆ ಬಿಟ್ಟು ಗಾರೆಗೆ ಬಂದ ವರ್ಷ
ಅಪ್ಪ ಕೊಂಡ ಹಿತ್ತಾಳೆಯದು.
ಇಳಿಬಿಟ್ಟೆ. ಅಲ್ಲಾಡಿತು, ಯೋಚಿಸಿತು, ನಿಂತಿತು.
ಗೋಡೆ ನೆಟ್ಟಗಿತ್ತು. ವಾಲಿದ್ದು ಕಂಬ.

ಹೊಸತೇನಲ್ಲ ಇದು.
ಕಂಬದವನು ಮೊದಲು ಬಂದು ಹೋಗುತ್ತಾನೆ,
ಮಿಕ್ಕದ್ದು ಗೋಡೆಯವನ ಎಲೆಗೆ.
ಇಲ್ಲಿ ಕಾಲಿಂಚು, ಅಲ್ಲಿ ಮುಕ್ಕಾಲಿಂಚು,
ಗಾರೆಯೆಂದರೆ ಇನ್ನೇನು,
ಇನ್ನೊಬ್ಬರ ತಪ್ಪಿಗೆ ನೀರು ಕುಡಿಸಿ ಮಲಗಿಸುವುದು.
ಕೋಲಾರದಲ್ಲಿ ಎಷ್ಟೋ ಮನೆಗಳು ಹಾಗೇ ನೆಟ್ಟಗೆ ನಿಂತಿವೆ,
ಗೃಹಪ್ರವೇಶದ ಊಟದಲ್ಲಿ ನಾನು ಬಾಯಿ ಬಿಟ್ಟಿಲ್ಲ.
ಆದರೆ ಈ ಬಿಳಿ ಬ್ಲಾಕಿಗೆ ಹಚ್ಚುವುದು ತೆಳು ಅಂಟು,
ಮೂರೇ ಮಿಲಿಮೀಟರ್.
ಮೂರರೊಳಗೆ ಹದಿನಾಲ್ಕನ್ನು ಎಲ್ಲಿ ಬಚ್ಚಿಡಲಿ?

"ಕಂಬಾನೂ ಅಳೀರಿ ಮೇಡಂ" ಅಂದೆ.
ಅನ್ನುವಾಗಲೇ ಗೊತ್ತಿತ್ತು
ಅದಕ್ಕೆ ಹಲಗೆ ಬಡಿದವನು ಪಿಳ್ಳಪ್ಪ,
ನನ್ನ ತಂಗಿ ಮುನಿಗಂಗಿಯ ಗಂಡ.
ಕಾಂಕ್ರೀಟು ಹಾಕಿದ ರಾತ್ರಿ ಮಳೆ ಹೊಡೆದು
ಆಸರೆ ಪೈಪು ಜಾರಿದ್ದನ್ನು ಅವನೇ ಹೇಳಿದ್ದ,
ಮಾಲೂರು ಬಸ್ಸಿನಲ್ಲಿ, ಕಡಲೆಕಾಯಿ ಸುಲಿಯುತ್ತ:
"ನೀನಿದೀಯಲ್ಲ ಬಾವ, ಗೋಡೇಲಿ ನೋಡ್ಕೊತೀಯ."

ಪರದೆಯಲ್ಲಿ ಕಂಬ ಕೆಂಪಗಾಯಿತು,
ನನ್ನ ಗೋಡೆ ಹಸಿರು.
ತಪ್ಪು ನನ್ನದಲ್ಲ ಎಂದು ಬರೆದ ಕಾಗದವೊಂದನ್ನು
ಜನ್ಮದಲ್ಲಿ ಮೊದಲ ಸಲ ಕೈಯಲ್ಲಿ ಹಿಡಿದೆ.
ಎಲ್ಲಿ ಸಹಿ ಅಂತ ಷಬ್ರೀನ್ ಮೇಡಂ
ಎರಡು ಸಲ ತೋರಿಸಬೇಕಾಯಿತು.

ಶನಿವಾರ ಬಟವಾಡೆ. ನನ್ನದು ಪೂರ್ತಿ ಬಂತು.
ಕಂಬ ಕೆತ್ತಿ ಸರಿಮಾಡುವ ಖರ್ಚನ್ನು
ಪಿಳ್ಳಪ್ಪನದರಲ್ಲಿ ಹಿಡಿದರು.

ಬಸ್ಸಿನಲ್ಲಿ ಅವನು ಪಕ್ಕದಲ್ಲೇ ಕೂತ.
ಕಡಲೆಕಾಯಿ ಪೊಟ್ಟಣ ಬಿಚ್ಚಲಿಲ್ಲ.
"ಅದಕ್ಕೆ ಎಲ್ಲಾ ಕಾಣ್ತದಾ?"
"ಹೂಂ."
"ಒಳಗಿರೋ ಕಂಬೀನೂ?"
"ಎಷ್ಟು ದಪ್ಪ ಅಂತಾನೂ."

ನರಸಾಪುರ ದಾಟಿತು. ಟಿಕೆಟ್ಟಿನವನು ಚಿಲ್ಲರೆಗೆ ಜಗಳ ತೆಗೆದು
ಸೋತು ಹಿಂದಕ್ಕೆ ಹೋದ.
ಮಾಲೂರಿನ ಗೂಡುಗಳ ಹೊಗೆ ಕಾಣುವಾಗ
ಪಿಳ್ಳಪ್ಪ ಕಿಟಕಿಯ ಕಡೆಗೇ ಕೇಳಿದ:

"ಅವತ್ತು ರಾತ್ರಿ ಮಳೆ ಬಂದದ್ದು,
ಅದು ಕಾಣಿಸ್ಲಿಲ್ವಾ ಬಾವ ಅದಕ್ಕೆ?"