ಏಳೂವರಿ

ಹಾಳಿ ತಿರುಗಿ ಬಂತು. ಹಾಳಿ ಹಿಂದ ಶಂಕ್ರವ್ವ ಬಂದಳು,
ಗದಗ ಕಚೇರಿ ಎದುರಿನ ನನ್ನ ಮೂರು ಮೊಳದ ಅಂಗಡಿಗೆ.
"ಅಕ್ಕಾರ, ಅಲ್ಲಿ ನಗ್ತಾರ್ರೀ.
ನೀ ಸತ್ತೀಯೋ ಇದ್ದೀಯೋ
ಮೊದಲ ಅದನ್ನ ನಿಕ್ಕಿ ಮಾಡ್ಕೊಂಡು ಬಾ ಅಂದ ತಲಾಠಿ."

ನೋಡಿದೆ. ವಂಶಾವಳಿ. ನಾನ ನಿನ್ನೆ ಟೈಪ್ ಮಾಡಿದ್ದು.
ಮ್ಯಾಲೆ ಅಡಿವೆಪ್ಪ ಬಿಂಕದಕಟ್ಟಿ, ಬಾಜೂಕ ಕಂಸದಾಗ: ಮೃತ.
ಕೆಳಗ ಹೆಂಡತಿ ಶಂಕ್ರವ್ವ. ಆ ಹೆಸರಿನ ಬಾಜೂಕ
ಏನೂ ಇರಬಾರದಿತ್ತು.
ಇತ್ತು.
ಉಗುರಿನ ಗೀರಿನಷ್ಟು ತೆಳ್ಳಗ, ಬೂದಿ ಬಣ್ಣದ್ದು,
ಅದ ಕಂಸ, ಅದ ಮೃ, ಅದ ತ.

ಮಂದಿ ಟೋನರ್ ಮುಗದೈತಿ ಅಂತಾರ. ಎಲ್ಲಾದಕ್ಕೂ ಅದ ಮಾತು,
ಹೊಟ್ಟಿ ಕಡದ್ರೂ ದೃಷ್ಟಿ ಅಂದಂಗ.
ಟೋನರ್ ಮುಗದ್ರ ಅಕ್ಷರ ಬಡವಾಗ್ತಾವ,
ಎರಡನೇ ಸಲ ಹುಟ್ಟಂಗಿಲ್ಲ.
ಉದ್ದಕ ಬಿಳಿಗೆರಿ ಬಿದ್ರ ಒಳಗಿನ ಕನ್ನಡಿಗೆ ಧೂಳ,
ಕರಿಗೆರಿ ಬಿದ್ರ ಡ್ರಮ್ಮಿಗೆ ಗೀರು,
ಒರಸಿದ್ರ ಬೆರಳಿಗೆ ಹತ್ತಿತಂದ್ರ ಬೆಂಕಿ ಸಾಲದು,
ಇಲ್ಲಾ ಹಾಳಿಗೆ ತಂಪ ಹಿಡದೈತಿ.
ಇಷ್ಟು ಇಮಾಮಹುಸೇನ ಕಲಿಸಿದ್ದ,
ಹುಬ್ಬಳ್ಳಿಯಿಂದ ಪ್ಯಾಸೆಂಜರಿಗೆ ಬಂದು, ಡಬ್ಬಿ ತುಂಬಿಕೊಟ್ಟು,
ಒಂದ ಚಾ, ಎರಡ ಮಿರ್ಚಿ ತಿಂದು.
"ಮತ್ತ ಮತ್ತ ಬಂದ್ರ ಫೂಟಪಟ್ಟಿ ಹಿಡಿ ಅಕ್ಕಾ" ಅಂದಿದ್ದ.
"ಅಷ್ಟ ಅಳತಿಗೆ ತಿರುಗೂದು ಯಾವುದೋ
ಅದರದ ತಪ್ಪು."

ಹಿಡದೆ. ಮೃತದಿಂದ ಮೃತಕ್ಕ
ಏಳೂವರಿ ಸೆಂಟಿಮೀಟರ.
"ಏಳೂವರಿ" ಅಂದೆ ಗಟ್ಟಿಯಾಗಿ.
ಶಂಕ್ರವ್ವ ಎದಿ ಮುಟ್ಕೊಂಡಳು:
"ಶನಿ ಏನ್ರೀ?"
"ಡ್ರಮ್ ಬೇ. ಒಂದ ಸುತ್ತು ಹಾಕಿದ್ರ ಅಷ್ಟ ಉದ್ದ.
ಮ್ಯಾಲೆ ಬರದದ್ದನ್ನ ಪೂರ್ತಿ ಒರಸಿಕೊಂಡು
ಕೆಳಗಿಂದು ಬರೀಬೇಕು.
ಇದಕ್ಕ ಮರ್ಯಾಕ ಆಗವಲ್ದು."

ಖಾತ್ರಿಗೆ ಅಂತ ಅರ್ಧಕ್ಕ ನಿಲ್ಲಿಸಿ ಬಾಗಿಲಾ ತೆಗದೆ,
ಬೆಂಕಿ ರೂಲಿಗೆ ಇನ್ನೂ ಮುಟ್ಟದ ಹಾಳಿ
ಮೆಲ್ಲಕ ಎಳದೆ.
ಅಕ್ಷರ ಎಲ್ಲಾ ಬರೇ ಪುಡಿ, ಕೂಡಿಸಿದಂಗ ಕೂತಿದ್ವು,
ಉಫ್ ಅಂದ್ರ ಇಲ್ಲ.
ನೆರಳೂ ಅಲ್ಲೇ ಇತ್ತು. ಅಂದ್ರ ಬೆಂಕೀದು ತಪ್ಪಿಲ್ಲ.
ಮುಟ್ಟಬ್ಯಾಡ ಅನ್ನೂದ್ರಾಗ ಮುಟ್ಟಿದ್ದಳು.
ತನ್ನ ಸಾಲಿಗಲ್ಲ, ಮ್ಯಾಲಿನ ಸಾಲಿಗೆ.
'ಅಡಿ' ಬೆರಳಿಗೆ ಬಂತು,
'ವೆಪ್ಪ' ಹಾಳ್ಯಾಗ ಉಳೀತು.

ಹೊಸಾ ಡ್ರಮ್ ಹಸಿರು, ಗಿಣಿ ರೆಕ್ಕಿ ಹಂಗ. ಬೆಳಕ ತಾಳಂಗಿಲ್ಲ.
ಶಟರ್ ಅರ್ಧ ಇಳಿಸಿ, ಲೈಟ್ ಆರಿಸಿ,
ಅಕೀಗೆ ಸೆರಗ ಅಡ್ಡ ಹಿಡಿ ಅಂದು
ಕತ್ತಲಾಗ ಕೂಡಿಸಿದೆ. ಪಿನ್ನು ಬಿತ್ತು. ಬೈದೆ. ಸಿಕ್ತು.
ಒರಸೂ ಪಟ್ಟೀನೂ ಬದಲು ಮಾಡಿ
ಮೂರು ಖಾಲಿ ಹಾಳಿ ಓಡಿಸಿದೆ.

ನಾಕನೇದು ಬಿಸಿಬಿಸಿ ಬಂತು.
ಶಂಕ್ರವ್ವಗ ಓದಾಕ ಬರಂಗಿಲ್ಲ, ಆದ್ರ ಜಾಗಾ ಗೊತ್ತಿತ್ತು.
ತನ್ನ ಸಾಲಿನ ಬಾಜೂಕ ಬೆಳ್ಳಗಿದ್ದದ್ದನ್ನ
ಬಾಳ ಹೊತ್ತು ನೋಡಿದಳು.
"ಈಗ ಅವಾ ಒಬ್ಬನ ಸತ್ತಂಗಾತ ನೋಡ್ರಿ."

ಐದು ರೂಪಾಯಿ. ಕೆಟ್ಟ ಹಾಳಿಗೆ ತಗೊಳ್ಳಂಗಿಲ್ಲ.
"ಬೆರಳ ತಣ್ಣೀರಾಗ ತೊಳಿ ಬೇ.
ಬಿಸಿನೀರು ಹಾಕಿದ್ರ ಕರಗಿ ಕೂತು ಬಿಡ್ತೈತಿ, ಹೋಗಂಗಿಲ್ಲ."
"ಬಿಸಿನೀರು ಹಾಕಿದ್ರ ಹೋಗಂಗಿಲ್ಲೇನ್ರೀ?"
ಎರಡು ಸಲ ಕೇಳಿದಳು.
ಆಮ್ಯಾಲೆ ಹಾಳಿ ಮಡಚದ ಹಿಡಕೊಂಡು ರಸ್ತೆ ದಾಟಿದಳು,
ಆ ಒಂದು ಬೆರಳನ್ನ
ಉಳಿದ ನಾಕರಿಂದ ದೂರ ಇಟ್ಟು.