ಗ್ಯಾರೇಜಿನ ಬಾಡಿಗೆ

ಸಭೆಯಲ್ಲಿ ನಾನೂ ಕೈಯೆತ್ತಿದೆ. ಸುಳ್ಳು ಯಾಕೆ.
ಚರ್ಚಿನ ಹಿಂದಿನ ಬಯಲು, ಶನಿವಾರ,
ಕುರ್ಚಿ ಸಾಲದೆ ಹಾಲಿನ ಕ್ರೇಟು ಬೋರಲು ಹಾಕಿ ಕೂತಿದ್ದೆವು.
ಕ್ರೇಟೂ ಅವನ ಅಂಗಡಿಯದೇ.
ಹೊರಗಿನವರು ಹೊರಗೆ ಅಂದರು. ನಾನೂ ಅಂದೆ.
ಕೂಗಿ ಗಂಟಲೊಣಗಿ
ಮನೆಗೆ ಬರುವಾಗ ಅವನ ಫ್ರಿಜ್ಜಿನಿಂದ ತಣ್ಣನೆಯದೊಂದು ಕುಡಿದೆ,
ಬರೆದುಕೋ ಎಂದೆ.
ಬರೆದುಕೊಂಡ.

ವಾರ್ಸಮೆ ಅಂತ ಹೆಸರು.
ನಮ್ಮ ಕ್ವಾಜಖೆಲೆಯಲ್ಲಿ ಸೋಮಾಲಿಯಾದಿಂದ ಬಂದವರಿಗೆಲ್ಲ
ಒಂದೇ ಹೆಸರು, ಮೈ ಫ್ರೆಂಡ್.

ಕಾರು ಕೊಳ್ಳುವ ಆಸೆಗೆ ನನ್ನ ಗಂಡ ಕಟ್ಟಿಸಿದ ಗ್ಯಾರೇಜು.
ಕಾರು ಬರಲಿಲ್ಲ. ಟೈರು ಕಾರ್ಖಾನೆ ಬಾಗಿಲು ಹಾಕಿತು,
ಆಮೇಲೆ ಗಂಡನ ಎದೆಯೂ.
ಹನ್ನೊಂದು ವರ್ಷ ಅಲ್ಲೊಂದು ಮುರುಕು ಸೋಫಾ, ಹೆಗ್ಗಣದ ಸಂಸಾರ.
ಇವನು ಬಂದ, ಸುಣ್ಣ ಬಳಿದ, ಕಂಬಿ ಕೂರಿಸಿದ,
ಒಂದನೇ ತಾರೀಖು ತಪ್ಪದೆ ಕಂಬಿಯ ಸಂದಿಯಿಂದ
ಮೂರು ಸಾವಿರದ ಇನ್ನೂರು ರ‍್ಯಾಂಡ್, ರಬ್ಬರ್ ಬ್ಯಾಂಡು ಸುತ್ತಿ.
ಮೊಮ್ಮಗಳು ಖಜಿಮ್ಲಾಳ ಶಾಲೆಯ ಕೋಟು ಅದರಿಂದ.
ಮಗ ಮ್ಲಾಮ್ಲಿಯ ಮೊಬೈಲಿನ ಡೇಟಾ ಅದರಿಂದ.
ಆ ಡೇಟಾದಲ್ಲಿ ಅವನು ದಿನವಿಡೀ ನೋಡುತ್ತಿದ್ದದ್ದು
ನಮ್ಮ ಕೆಲಸ ಕದ್ದವರ ವೀಡಿಯೊ.

ಕದ್ದರು ಎಂದೇ ನಾನೂ ನಂಬಿದ್ದೆ.
ರಾತ್ರಿ ಒಮ್ಮೊಮ್ಮೆ ಈಗಲೂ ನಂಬುತ್ತೇನೆ.
ಯಾವ ಕೆಲಸ? ಐದಕ್ಕೆ ಏಳುವುದು,
ಹತ್ತರ ತನಕ ಕಂಬಿಯೊಳಗೆ ನಿಲ್ಲುವುದು,
ಅಲ್ಲೇ ಅಕ್ಕಿಮೂಟೆಯ ಮೇಲೆ ಒರಗುವುದು,
ಒಂದು ಮೊಟ್ಟೆ, ಒಂದು ಸಿಗರೇಟು, ಒಂದೇ ಒಂದು ಡಯಾಪರು
ಬಿಡಿಬಿಡಿಯಾಗಿ ಮಾರುವುದು.
ಮ್ಲಾಮ್ಲಿಗೂ ಕೊಡಪ್ಪ ಎಂದು ಕೇಳಿದ್ದೆ. ಕೊಟ್ಟ.
ಮೂರು ದಿನ ಹೋದ.
ನಾಲ್ಕನೇ ದಿನ ಗೆಳೆಯರು ನಕ್ಕರು.

ಮಂಗಳವಾರ ರಾತ್ರಿ ಶಟರ್ ಮುರಿದರು.
ನಮ್ಮದೇ ಹುಡುಗರು. ದನಿಯಿಂದಲೇ ಹೆಸರು ಹೇಳಬಲ್ಲೆ,
ಅರ್ಧ ಜನರ ಹೆರಿಗೆಗೆ ಬಿಸಿನೀರು ಹಿಡಿದು ನಿಂತವಳು ನಾನು.
ಮ್ಲಾಮ್ಲಿಯ ದನಿಯೂ ಇತ್ತು.
ವಾರ್ಸಮೆ ಹಿತ್ತಲ ಗೋಡೆ ಹಾರಿದ,
ಏಣಿ ಕೊಟ್ಟವಳು ನಾನೇ.
ಆಮೇಲೆ ಏಣಿ ಒಳಗಿಟ್ಟು
ಗ್ಯಾರೇಜಿಗೆ ಹೋಗಿ ಎರಡು ಕಿಲೋ ಸಕ್ಕರೆ ತಂದೆ.
ಬಿಟ್ಟಿದ್ದರೆ ಇನ್ಯಾರೋ ಒಯ್ಯುತ್ತಿದ್ದರು.
ಇದನ್ನು ಪಾದ್ರಿಗೂ ಹೇಳಿಲ್ಲ.

ಬುಧವಾರ ಇನ್ನೂ ಬೆಳಕು ಹರಿಯುವ ಮೊದಲೇ
ಮುರಿದ ಶಟರಿನ ಮುಂದೆ ಮುದುಕಿ ನೊಲುಂಡಿ, ಅಂಗೈಯಲ್ಲಿ ಚಿಲ್ಲರೆ,
'ಅರ್ಧ ಬ್ರೆಡ್ಡು ಬೇಕಿತ್ತು' ಎಂದಳು, ಯಾರಿಗೋ.
ಅವಳ ಹಿಂದೆ ಇಬ್ಬರು.
ಅವರ ಹಿಂದೆ, ಬಿಡಿ ಸಿಗರೇಟಿಗೆ, ನಿನ್ನೆ ರಾತ್ರಿಯ ಹುಡುಗನೊಬ್ಬ.
ಅಭ್ಯಾಸಬಲದಿಂದ ಸಾಲೇ ಆಯಿತು.

ಸೂಪರ್ ಮಾರ್ಕೆಟ್ಟಿಗೆ ಎರಡು ಟ್ಯಾಕ್ಸಿ ಹತ್ತಬೇಕು.
ಅಲ್ಲಿ ಬ್ರೆಡ್ಡು ಅರ್ಧ ಮಾಡುವುದಿಲ್ಲ,
ಮುಖ ನೋಡಿ ಬರೆದುಕೊಳ್ಳುವುದಿಲ್ಲ.

ಗಾಜಿನ ಚೂರುಗಳ ನಡುವೆ ಅವನ ಉದ್ರಿ ಪುಸ್ತಕ ಸಿಕ್ಕಿತು.
ಎಣ್ಣೆ ಒಯ್ದವರು ತಮ್ಮ ಸಾಲ ಬಿಟ್ಟುಹೋಗಿದ್ದರು.
ಅದರಲ್ಲಿ ಹೆಸರೇ ಇಲ್ಲ. ನಮ್ಮ ಹೆಸರಿನ ಲೊಚಗುಟ್ಟುವ ಅಕ್ಷರಗಳಿಗೆ
ಅವನ ನಾಲಿಗೆ ಹೊರಳುತ್ತಿರಲಿಲ್ಲ.
ಮುರುಕು ಇಂಗ್ಲಿಷಿನಲ್ಲಿ: ಕೆಂಪು ಬಾಗಿಲು, ೪೫.
ಕೆಮ್ಮುವ ಅಜ್ಜ, ೧೨.
ಅವಳಿ ಮಕ್ಕಳ ತಾಯಿ, ೨೩೦, ಪಕ್ಕದಲ್ಲಿ 'ಕೇಳಬಾರದು'.
ನನ್ನ ಪುಟ ಹುಡುಕಿದೆ. ಗ್ಯಾರೇಜು ಮಾಮಾ.
ಕೊನೆಯ ಸಾಲು, ಶನಿವಾರ: ತಣ್ಣನೆಯದು ಒಂದು.

ಮತ್ತೆ ಸಭೆ. ಕ್ರೇಟಿಲ್ಲ, ನಿಂತೇ ಇದ್ದೆವು.
ಬರಲಿ ಎಂದರು, ಆದರೆ ಷರತ್ತಿದೆ:
ರಾತ್ರಿ ಇಲ್ಲಿ ಉಳಿಯಕೂಡದು,
ಬೆಳಿಗ್ಗೆ ಐದಕ್ಕೆ ತೆರೆದಿರಬೇಕು.
ಕೈಯೆತ್ತಿದೆ.

ಸಕ್ಕರೆ ಅರ್ಧ ಮುಗಿದಿದೆ.
ನನ್ನ ಪುಟದಲ್ಲಿ ನಾನೇ ಬರೆದಿಡೋಣವೆಂದು
ಮನೆಯೆಲ್ಲ ಪೆನ್ನು ಹುಡುಕಿದೆ.
ಪೆನ್ನೂ ಅವನಲ್ಲೇ ಸಿಗುತ್ತಿದ್ದದ್ದು.